ಒಳಗೆ ಹುಳ ಐತೆ

ಹಡಗಿನ ಎಂಜಿನ್ ಸದ್ದು ಇಳಿದು, ನೀಲ್ ದ್ವೀಪದ ಜೆಟ್ಟಿ ಇನ್ನೂ ಬೆರಳುದ್ದ ಕಾಣುತ್ತಿರುವಾಗಲೇ ರಾಮಲಕ್ಷ್ಮಮ್ಮ ಎದ್ದು ನಿಂತುಬಿಟ್ಟಳು. ಇಳಿಯುವುದಕ್ಕೆ ಇನ್ನೂ ಹೊತ್ತಿದೆಯೆಂದು ಆಮೇಲೆ ತಿಳಿಯಿತು. ಮತ್ತೆ ಕೂರುವುದಕ್ಕೆ ನಾಚಿಕೆಯಾಗಿ, ಅವರೆಕಾಯಿಯ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಾ ನಿಂತೇ ಇದ್ದಳು. ಕೆಂಚಾರ್ಲಹಳ್ಳಿಯ ಮನೆಯಲ್ಲಿ ರೇಷ್ಮೆಹುಳ ಇವತ್ತೋ ನಾಳೆಯೋ ಮೂರನೆಯ ಜ್ವರಕ್ಕೆ ಕೂರಬೇಕು. ಜ್ವರವೆಂದರೆ ಕಾಯಿಲೆಯಲ್ಲ, ಹುಳ ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಹಳೆಯ ಚರ್ಮ ಕಳಚಿಕೊಳ್ಳುವ ಹೊತ್ತು. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ಗಂಡ ವೆಂಕಟರಾಯಪ್ಪನಿಗೆ ಅಷ್ಟು ತಾಳ್ಮೆಯಿಲ್ಲ; ಒಂದು ಹುಳ ತಲೆ ಆಡಿಸಿದರೆ ಸಾಕು, ಎಲ್ಲಕ್ಕೂ ಹಸಿವಾಯಿತೆಂದು ಸೊಪ್ಪು ಸುರಿದುಬಿಡುತ್ತಾನೆ. ಫೋನು ಮಾಡಿ ಹೇಳೋಣವೆಂದರೆ ಪೋರ್ಟ್ ಬ್ಲೇರ್ ಬಿಟ್ಟಾಗಿನಿಂದ ಮಗಳ ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ತನ್ನ ಎದೆ ಹೀಗೆ ಹೊಡೆದುಕೊಳ್ಳುತ್ತಿರುವುದು ಹುಳದ ಚಿಂತೆಗೇ ಎಂದು ಅವಳು ಬೆಳಗಿನಿಂದ ನಂಬಿಕೊಂಡಿದ್ದಳು. ಅರ್ಧ ನಂಬಿದ್ದಳು. ಹುಳದ ನೆಪ ಹೇಳುವುದು ಅವಳಿಗೆ ಹೊಸತೇನಲ್ಲ.

"ಅಮ್ಮ, ಇಲ್ಲಿ ಬಾ, ಕೆಳಗೆ ನೋಡು," ಎಂದು ಆಶಾರಾಣಿ ಕಂಬಿಯ ಹತ್ತಿರ ಕರೆದಳು. ಚಿಂತಾಮಣಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಮಗಳು. ಅವಳ ಕಾಲೇಜಿನವರೆಲ್ಲ ಸೇರಿ ಹೊರಟ ಅಂಡಮಾನ್ ಪ್ರವಾಸಕ್ಕೆ ಅಮ್ಮನನ್ನೂ ಸೇರಿಸಿಕೊಂಡಿದ್ದಳು. ಉಳಿದವರು ಇವತ್ತು ಬೇರೆ ದ್ವೀಪಕ್ಕೆ ಹೋಗಿದ್ದರು. ತಾಯಿ ಮಗಳಿಬ್ಬರೇ ಇತ್ತ ಬಂದದ್ದು, ಇಲ್ಲಿ ಮಂಗಮ್ಮ ಇದ್ದಾಳೆಂದು. ಮಂಗಮ್ಮ ರಾಮಲಕ್ಷ್ಮಮ್ಮನ ಒಬ್ಬಳೇ ತಂಗಿ. ಆಶಾ ಆ ಚಿಕ್ಕಮ್ಮನನ್ನು ಚಿಕ್ಕವಳಿದ್ದಾಗ ಒಂದೇ ಸಲ ನೋಡಿದ್ದಳು, ನೆನಪಿಲ್ಲ. ಕೆಳಗೆ ನೀರು ಎಷ್ಟು ತಿಳಿಯಾಗಿತ್ತೆಂದರೆ ಅದು ಇದೆಯೋ ಇಲ್ಲವೋ ಎಂದು ಅನುಮಾನ ಬರುವಂತಿತ್ತು. ತಳದಲ್ಲಿ ಹಳದಿ, ಕಂದು, ಬೂದು ಬಣ್ಣದ ಗಂಟುಗಂಟು ಬಂಡೆ.

"ಕಲ್ಲಲ್ಲಮ್ಮ ಅದು. ಹವಳ. ಹುಳ ಕಟ್ಟಿದ್ದು."

"ಹುಳಾನಾ?"

"ಹೂಂ. ಸಣ್ಣ ಸಣ್ಣವು. ಒಂದೊಂದೂ ತನ್ನ ಸುತ್ತ ಸುಣ್ಣದ ಮನೆ ಕಟ್ಕೊಳ್ಳುತ್ತೆ. ಅದು ಸತ್ರೆ ಅದರ ಮೇಲೆ ಇನ್ನೊಂದು ಕಟ್ಟುತ್ತೆ."

"ಸೊಪ್ಪು ಯಾರು ಹಾಕ್ತಾರೆ ಇವಕ್ಕೆ?"

ಆಶಾ ನಕ್ಕಳು. "ಮೈಯೊಳಗೇ ಪಾಚಿ ಇರುತ್ತೆ. ಬಿಸಿಲಲ್ಲಿ ಅದೇ ಅಡುಗೆ ಮಾಡಿ ಹಾಕುತ್ತೆ."

"ಪುಣ್ಯ ಮಾಡಿ ಹುಟ್ಟಿದಾವೆ ಬಿಡು. ಮತ್ತೆ ಗೂಡು ಬಿಡಿಸೋದು ಯಾವಾಗ?"

"ಯಾರೂ ಬಿಡಿಸಲ್ಲಮ್ಮ. ಹಂಗೇ ಬೆಳ್ಕೊಂಡು ಹೋಗುತ್ತೆ."

ಯಾರೂ ಬಿಡಿಸದ ಗೂಡು, ನೂಲು ಬಿಚ್ಚಲು ಶಿಡ್ಲಘಟ್ಟದ ಬಿಸಿನೀರಿನ ತೊಟ್ಟಿಗೆ ಹೋಗದ ಗೂಡು ಎಂಬುದು ರಾಮಲಕ್ಷ್ಮಮ್ಮನಿಗೆ ತೀರ ವಿಚಿತ್ರವಾಗಿ ಕಂಡಿತು. ಬಗ್ಗಿ ನೋಡುತ್ತಾ ನಿಂತವಳಿಗೆ ಕೆನ್ನೆಯ ಮೇಲೆ ತಣ್ಣನೆಯದೊಂದು ಹರಿದಂತಾಯಿತು. ಮಂಗಿ ಮಾಡುತ್ತಿದ್ದ ಕೆಲಸ ಅದು. ಬೆಳಗಿನ ಸೊಪ್ಪು ಹೆಚ್ಚುವುದಕ್ಕೆ ಅಕ್ಕ ಏಳದಿದ್ದರೆ ತಟ್ಟೆಯಿಂದ ದಪ್ಪನೆಯ ಹುಳವೊಂದನ್ನು ಎತ್ತಿ ತಂದು ಅವಳ ಕೆನ್ನೆಯ ಮೇಲೆ ಬಿಡುತ್ತಿದ್ದಳು. ಅದು ಮೆಲ್ಲಗೆ ಕಿವಿಯ ಕಡೆ ಹರಿಯುತ್ತಿತ್ತು. ಕಿರುಚುವಂತಿಲ್ಲ, ಅಪ್ಪ ಚೆನ್ನರಾಯಪ್ಪನಿಗೆ ಹುಳದ ಮನೆಯಲ್ಲಿ ಗಲಾಟೆ ಆಗದು. ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಆ ನಗು ಎಲ್ಲಿ ಹೋಯಿತು ಎಂದರೆ ಎಲ್ಲೂ ಹೋಗಿಲ್ಲ, ಹೊಟ್ಟೆಯೊಳಗೇ ಎಲ್ಲೋ ಕಟ್ಟಿಕೊಂಡು ಗಟ್ಟಿಯಾಗಿದೆ ಎನಿಸಿತು.

ಜೆಟ್ಟಿಯಲ್ಲಿ ಬಯ್ಯಪ್ಪ ಕಾದಿದ್ದ. ತಲೆಯೆಲ್ಲ ಬೆಳ್ಳಗಾಗಿದ್ದರೂ ನಿಂತ ರೀತಿಯಿಂದಲೇ ಗುರುತು ಸಿಕ್ಕಿತು, ಗೋಡೆಯ ಲಂಬ ನೋಡುವವನಂತೆ ಒಂದು ಕಣ್ಣು ಕಿರಿದು ಮಾಡಿಕೊಂಡು. ಹತ್ತಿರ ಬಂದು ಚೀಲಕ್ಕೆ ಕೈ ಹಾಕಿ, "ಬನ್ನಿ ಅಮ್ಮಾವ್ರೆ," ಎಂದ. ತಂಗಿಯ ಗಂಡ ತನ್ನನ್ನು ಅಮ್ಮಾವ್ರೆ ಎಂದ. ಬೇರೇನಾದರೂ ಕರೆಯಪ್ಪ ಎಂದು ಹೇಳಬೇಕೆಂದುಕೊಂಡಳು, ಏನೆಂದು ಕರೆಯಬೇಕೆಂದು ಹೊಳೆಯಲಿಲ್ಲ. ಆಟೋದಲ್ಲಿ ಆಶಾ ಮುಂದಿನ ಸೀಟಿಗೆ ಬಗ್ಗಿ ಚಿಕ್ಕಪ್ಪನ ಹತ್ತಿರ ಸುನಾಮಿಯ ಅಲೆ ಎಷ್ಟೆತ್ತರ ಬಂದಿತ್ತು, ಮರಗಳಿಗೆ ಉಪ್ಪುನೀರು ತಗುಲಿತ್ತೇ ಎಂದೆಲ್ಲ ಕೇಳುತ್ತಿದ್ದಳು. ರಸ್ತೆಯ ಎರಡು ಕಡೆಯೂ ತರಕಾರಿ ತೋಟ, ಬಂಗಾಳಿ ಮಾತು. ರಾಮಲಕ್ಷ್ಮಮ್ಮ ಬಯ್ಯಪ್ಪನ ಬೆನ್ನನ್ನೇ ನೋಡುತ್ತಿದ್ದಳು. ಆ ಬೆನ್ನು ಏಣಿಯ ಮೇಲೆ ನಿಂತು ಅವರ ಹುಳದ ಮನೆಯ ಗೋಡೆ ಮೆತ್ತಿದ ಬೆನ್ನು. ಪಡಸಾಲೆಗೆ ಅಂಟಿಸಿ ಅಪ್ಪ ಹೊಸ ಹುಳದ ಮನೆ ಕಟ್ಟಿಸಿದ ವರ್ಷ ಗಾರೆ ಕೆಲಸಕ್ಕೆ ಬಂದ ಹುಡುಗ ಇವನು. ಅಪ್ಪ ಉಗುರಿನಿಂದ ಗೋಡೆಯುದ್ದಕ್ಕೂ ಗೀರಿಕೊಂಡು ಹೋಗುತ್ತಿದ್ದ. ಕೂದಲೆಳೆಯಷ್ಟು ಬಿರುಕಿದ್ದರೂ ರೋಗ ಕೂತ್ಕೊಳ್ಳುತ್ತೆ ಕಣೋ, ಆಮೇಲೆ ಬೆಳೆ ಬೆಳೆಯೇ ಹೋಗುತ್ತೆ, ಎನ್ನುತ್ತಿದ್ದ. ಹುಡುಗ ಮಾತಾಡದೆ ಮತ್ತೆ ಮೆತ್ತುತ್ತಿದ್ದ. ಅವನಿಗೆ ನೀರು ಕೊಡಲು ಹೋಗುತ್ತಿದ್ದವಳು ಮಂಗಿ. ಗೋಡೆ ಕನ್ನಡಿಯಂತಾಯಿತು. ಕೆಲಸ ಮುಗಿದು ಕೂಲಿ ಚುಕ್ತಾ ಆದ ಮೇಲೆ ಒಂದು ದಿನ ಮಂಗಿ ಇರಲಿಲ್ಲ. ಅವನು ಬೇರೆ ಜನ. ಕಂಟ್ರಾಕ್ಟರನ ಜೊತೆ ಸಮುದ್ರ ದಾಟಿ ಹೋದರಂತೆ ಎಂದು ಊರಿಗೆಲ್ಲ ತಿಳಿದ ಮೇಲೆ ಅಪ್ಪ ಕೇಳಿದ್ದು ಒಂದೇ ಮಾತು: ಇವತ್ತು ಸೊಪ್ಪು ಹೆಚ್ಚೋರು ಯಾರು?

ಮಂಗಮ್ಮ ಬೇಲಿಯ ಹತ್ತಿರವೇ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಂದು ಕ್ಷಣ ಯಾರೋ ಎಂಬಂತೆ ನಿಂತರು. ಆಮೇಲೆ ಮಂಗಮ್ಮ, "ಏನಕ್ಕ, ಇಷ್ಟು ಸಣ್ಣ ಆಗಿದ್ಯ? ಭಾವ ಸೊಪ್ಪೆಲ್ಲ ಹುಳಕ್ಕೇ ಹಾಕಿ ನಿಂಗೇನೂ ಹಾಕಲ್ವಾ?" ಎಂದು ದೊಡ್ಡ ದನಿಯಲ್ಲಿ ನಕ್ಕಳು. ಆ ದನಿ ಕೇಳಿ ರಾಮಲಕ್ಷ್ಮಮ್ಮನ ಮೈ ಹಗುರಾಯಿತು. ಮೆಟ್ಟಿಲ ಪಕ್ಕದಲ್ಲಿ ನೀರಿನ ಡ್ರಮ್ಮು, ಚೊಂಬು. ಅವಳು ಕೇಳದೆಯೇ ಕಾಲು ತೊಳೆದುಕೊಂಡಳು, ಹುಳ ಸಾಕುವವರು ಯಾರ ಮನೆಗೆ ಹೋದರೂ ಮಾಡುವಂತೆ ಹಿಮ್ಮಡಿ, ಬೆರಳ ಸಂದು ಎಲ್ಲವನ್ನೂ ತಿಕ್ಕಿ. ತಲೆಯೆತ್ತಿದಾಗ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಹಾಕಿದ್ದವು. ಬಾಗಿಲಿಗೆ ಚಿಲಕ ಹಾಕಿತ್ತು.

"ಇಲ್ಲೇ ಕೂತ್ಕೊಳಕ್ಕ, ಗಾಳಿ ಬರುತ್ತೆ," ಎಂದಳು ಮಂಗಮ್ಮ.

ಕೂತಳು. ಕುರ್ಚಿಯ ಒಂದು ಕಾಲು ಸಮವಾಗಿಲ್ಲದೆ ಅಲ್ಲಾಡುತ್ತಿತ್ತು, ಅವಳು ಅಲ್ಲಾಡದಂತೆ ಬಿಗಿಯಾಗಿ ಕೂತಳು. ಹೀಗೇ ಕೂರಿಸಿದ್ದೆ ನಾನೂ. ಅಪ್ಪ ಹೋದ ಮರುವರ್ಷ, ವರ್ಷದ ತಿಥಿಗೆ. ಗಂಡುಮಕ್ಕಳಿಲ್ಲದ ಮನೆಗೆ ವೆಂಕಟರಾಯಪ್ಪ ಮನೆಅಳಿಯನಾಗಿ ಬಂದಿದ್ದ. ತಿಥಿಗೆ ಅವನ ಅಕ್ಕ ಅಮ್ಮಾಜಮ್ಮ ತನ್ನ ಕಡೆಯವರನ್ನೆಲ್ಲ ಕರೆತಂದು ಪಡಸಾಲೆಯಲ್ಲಿ ಕೂತಿದ್ದಳು. ಎಲೆ ಹಾಕುವ ಹೊತ್ತಿಗೆ ಮಂಗಿ ಬಂದಳು, ಹಿಂದೆ ಬಯ್ಯಪ್ಪ, ಸೊಂಟದ ಮೇಲೊಂದು ಹೆಣ್ಣುಮಗು. ಮೊದಲು ಹಡಗು, ಆಮೇಲೆ ರೈಲು, ಆಮೇಲೆ ಬಸ್ಸು. ಮೂವರ ಮುಖವೂ ಬಾಡಿತ್ತು. ಒಳಗೆ ಅಮ್ಮಾಜಮ್ಮನ ದನಿ: ಯಾರೇ ಬಂದಿದ್ದು? ಇವರನ್ನು ಒಳಗೆ ಕರೆದರೆ ಅವರೆಲ್ಲ ಎಲೆ ಬಿಟ್ಟು ಏಳುತ್ತಾರೆ, ಎದ್ದರೆ ಗಂಡನ ಮುಖ ಏನಾಗುತ್ತದೆ ಎಂದು ಯೋಚಿಸಿದಳೋ ಇಲ್ಲವೋ, ಬಾಗಿಲಿಗೆ ಅಡ್ಡ ನಿಂತವಳ ಬಾಯಿಂದ ಮಾತು ತಾನಾಗಿಯೇ ಬಂದಿತ್ತು: ಒಳಗೆ ಹುಳ ಐತೆ ಕಣೇ, ಹಣ್ಣಾಗೋ ಹೊತ್ತು, ಇಲ್ಲೇ ಜಗಲಿ ಮೇಲೆ ಕೂತ್ಕೊಳ್ರಿ. ಆ ಸೀಮೆಯಲ್ಲಿ ಅದಕ್ಕೆ ಯಾರೂ ಎದುರಾಡುವುದಿಲ್ಲ. ಹುಳ ಗೂಡು ಕಟ್ಟುವ ಹೊತ್ತಿಗೆ ಹೊರಗಿನಿಂದ ಬಂದವರು, ದೂಳು, ನೆರಳು, ಸೆಂಟಿನ ವಾಸನೆ ಒಂದೂ ಆಗದು. ಸಾಲ ಕೇಳಲು ಬಂದವರನ್ನೂ, ಬೇಡದ ನೆಂಟರನ್ನೂ ಆ ಒಂದು ಮಾತು ಬಾಗಿಲಲ್ಲೇ ನಿಲ್ಲಿಸುತ್ತದೆ, ನಿಂತವರಿಗೂ ಅವಮಾನವಿಲ್ಲ. ಮಂಗಿ ತಲೆಯಾಡಿಸಿ ಕೂತಳು. ಬಯ್ಯಪ್ಪ ತಾನೇ ಮೆತ್ತಿದ ಗೋಡೆಗೆ ಬೆನ್ನು ಕೊಟ್ಟು ಕೂತ. ಮಗು ಏನೋ ಕೂಗಿದಾಗ ಮಂಗಿ ಅದರ ಬಾಯಿಗೆ ಬೆರಳಿಟ್ಟು ಪಿಸುಗುಟ್ಟಿದ್ದಳು: ಮೆತ್ತಗೆ ಮಾತಾಡಮ್ಮ, ಒಳಗೆ ಹುಳ ಐತೆ. ಅವರು ಜಗಲಿಯ ಮೇಲೇ ಉಂಡು, ಕೊನೆಯ ತನಕ ಪಿಸುಮಾತಿನಲ್ಲೇ ಮಾತಾಡಿ, ಸಂಜೆಯ ಬಸ್ಸಿಗೆ ಹೋದರು. ಅವರನ್ನು ಕಳಿಸಿ ಹಿಂತಿರುಗುವಾಗ ಬಾವಿಯ ಪಕ್ಕದ ತೋಟ ಕಣ್ಣಿಗೆ ಬಿತ್ತು. ತಿಥಿ ಇದೆಯೆಂದೇ ಬೆಳೆ ಮುಗಿಸಿ, ಗೂಡು ಮಾರಿ, ಹಿಪ್ಪುನೇರಳೆಯನ್ನು ಬುಡದ ತನಕ ಕೊಯ್ದಿದ್ದರು. ತೋಟ ಬೋಳು. ಬೋಳು ತೋಟವಿರುವ ಮನೆಯಲ್ಲಿ ಹುಳ ಎಲ್ಲಿಂದ ಬರಬೇಕು? ಮೇವೇನು? ನಡೆಯಲು ಕಲಿತಾಗಿನಿಂದ ಸೊಪ್ಪು ಹೆಚ್ಚಿದವಳು, ಆ ತೋಟದ ಬದುವಿನ ಮೇಲೇ ನಡೆದು ಬಂದವಳು ಮಂಗಿ. ನೋಡಿದಳೇ? ಆಯಾಸದಲ್ಲಿ ನೋಡಲಿಲ್ಲವೇ? ಇಷ್ಟು ವರ್ಷ ರಾಮಲಕ್ಷ್ಮಮ್ಮನನ್ನು ತಿಂದದ್ದು ಆ ಸುಳ್ಳಿಗಿಂತ ಹೆಚ್ಚಾಗಿ ಆ ಪ್ರಶ್ನೆ. ಸಮುದ್ರ ಉಕ್ಕಿತೆಂದು ಟೀವಿಯಲ್ಲಿ ತೋರಿಸಿದ ದಿನವೂ ಅವಳು ಸೊಪ್ಪು ಹಾಕುತ್ತಲೇ ಇದ್ದಳು, ಕೊನೆಯ ಹಂತದ ಹುಳ, ಬಿಡುವಂತಿರಲಿಲ್ಲ. ಬಯ್ಯಪ್ಪ ಅಂಗಡಿಯವರ ಫೋನಿಗೆ ಮಾಡಿದಾಗ ಕೈ ತೊಳೆದು ಓಡುವಷ್ಟರಲ್ಲಿ ಲೈನು ಕಟ್ಟಾಗಿತ್ತು. ಎಲ್ಲಾ ಚೆನ್ನಾಗವ್ರಂತೆ, ಎಂದು ಅಂಗಡಿಯವನು ಹೇಳಿದ. ಅವಳು ಮತ್ತೆ ಹೋಗಿ ಸೊಪ್ಪು ಹಾಕಿದಳು.

ಊಟವೂ ಜಗಲಿಯ ಮೇಲೆಯೇ ಆಯಿತು. ಅಡುಗೆ ಹಿತ್ತಲ ತಗಡಿನ ಶೆಡ್ಡಿನಲ್ಲಿ. ಮಂಗಮ್ಮ ಅಲ್ಲಿಂದ ಮನೆ ಸುತ್ತಿಕೊಂಡು ಬಂದು ಬಡಿಸುತ್ತಿದ್ದಳು. ಅನ್ನ, ಹುಳಿ, ಊರಿನ ರುಚಿಗೆ ಹತ್ತಿರ ಬಂದು ಸ್ವಲ್ಪದರಲ್ಲೇ ತಪ್ಪಿಸಿಕೊಂಡ ಗೊಜ್ಜು. ಚಿಲಕ ತೆಗೆಯಲೇ ಇಲ್ಲ. ಆಶಾ ಏನೂ ಗಮನಿಸದೆ, "ಚಿಕ್ಕಮ್ಮ, ಮನೆ ತೋರಿಸಲ್ವಾ?" ಎಂದು ಕೇಳಿಬಿಟ್ಟಾಗ ರಾಮಲಕ್ಷ್ಮಮ್ಮನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಒಳಗೆ ಬೇಡಮ್ಮ. ಸುನಾಮಿ ದಿನ ಭೂಮಿ ಅಲ್ಲಾಡ್ತಲ್ಲ, ಗೋಡೆ ಬಿಟ್ಕೊಂಡೈತೆ. ನಾವೂ ಒಳಗೆ ಮಲಗಲ್ಲ, ಇಲ್ಲೇ."

"ಇಷ್ಟು ದಿನ ಆದ್ರೂ ರಿಪೇರಿ ಮಾಡ್ಸಿಲ್ವಾ?"

"ಕೇಳು ನಿಮ್ಮ ಚಿಕ್ಕಪ್ಪನ್ನ. ದ್ವೀಪದಲ್ಲಿರೋರ ಮನೆಗೆಲ್ಲ ಗಾರೆ ಮೆತ್ತಿ ಬರ್ತಾರೆ, ಗಾರೆಯವನ ಮನೆಗೇ ಗಾರೆ ಇಲ್ಲ."

"ಭೂಮಿ ಇನ್ನೂ ಆಗಾಗ ಅಲ್ಲಾಡ್ತಾನೇ ಐತೆ," ಎಂದ ಬಯ್ಯಪ್ಪ, ಎಲೆಯಿಂದ ತಲೆಯೆತ್ತದೆ. "ಈಗ ಮೆತ್ತಿದ್ರೆ ಮತ್ತೆ ಬಿಡುತ್ತೆ. ನಿಲ್ಲಲಿ, ಆಮೇಲೆ ನೋಡಣ."

ರಾಮಲಕ್ಷ್ಮಮ್ಮ ಕಳ್ಳಗಣ್ಣಿನಿಂದ ಗೋಡೆ ನೋಡಿದಳು. ಜಗಲಿಯ ಕಡೆಯ ಗೋಡೆ ನೀಲಿ ಸುಣ್ಣ ಬಳಿದು ನೆಟ್ಟಗೆ ನಿಂತಿತ್ತು. ಎಲ್ಲೂ ಒಂದು ಗೆರೆಯಿಲ್ಲ. ಹಾಗಾದರೆ ಇದೂ ಅದೇ. ಅವರವರ ಸೀಮೆಗೆ ಅವರವರ ನೆಪ: ಅಲ್ಲಿ ಹುಳ, ಇಲ್ಲಿ ಭೂಕಂಪ. ಮುಖ ಬಿಸಿಯಾಯಿತು. ಅದರ ಜೊತೆಗೇ, ತನಗೇ ಆಶ್ಚರ್ಯವಾಗುವಂತೆ, ಎಂಥದೋ ನೆಮ್ಮದಿ. ಸುಳ್ಳಾಗಿರಲಿ ದೇವರೇ, ಎಂದುಕೊಂಡಳು. ಇವಳೂ ನನ್ನನ್ನು ಹೊರಗೇ ಕೂರಿಸಿ, ಹೊರಗೇ ಉಣ್ಣಿಸಿ ಕಳಿಸಲಿ. ಅಲ್ಲಿಗೆ ಸಮವಾಗುತ್ತೆ.

ಊಟ ಮುಗಿದ ಮೇಲೆ ನೀರು ಇಳಿದಿರುತ್ತೆ, ಹವಳ ಹತ್ತಿರದಿಂದ ಕಾಣುತ್ತೆ ಎಂದು ಬಯ್ಯಪ್ಪ ಆಶಾಳನ್ನು ಕಡಲ ದಂಡೆಗೆ ಕರೆದುಕೊಂಡು ಹೋದ. ರಾಮಲಕ್ಷ್ಮಮ್ಮ ಬರುವುದಿಲ್ಲವೆಂದಳು. "ಹುಳ ಇರೋ ಕಡೆ ಕಾಲಿಡೋದು ನಂಗಾಗಲ್ಲ ಕಣಮ್ಮ." ಆಶಾ ನಗುತ್ತಾ ಹೋದಳು. ಅಕ್ಕತಂಗಿಯರು ನೆಲದ ಮೇಲೆ ಎದುರುಬದುರು ಕೂತು ಅವರೆಕಾಯಿ ಬಿಡಿಸತೊಡಗಿದರು. ಮಂಗಮ್ಮ ಮೊದಲ ಕಾಯಿಯನ್ನು ಬಿಡಿಸದೆ ಮೂಗಿಗೆ ಹಿಡಿದು ಬಹಳ ಹೊತ್ತು ಕೂತಿದ್ದಳು.

"ಸೊಗಡು ಹಂಗೇ ಐತಲ್ಲೇ ಅಕ್ಕ. ಸಮುದ್ರ ದಾಟಿದ್ರೂ ಹೋಗಿಲ್ಲ."

"ಇವತ್ತೇ ಹಿತಕವರೆ ಸಾರು ಮಾಡ್ಬಿಡು. ನಾಳೆಗೆ ಒಣಗೋಗುತ್ತೆ."

"ನಮ್ಮೋರು ಇದ್ರ ಜೊತೆ ಸಂಗಟಿ ಬೇಕು ಅಂತಾರೆ." ರಾಗಿಮುದ್ದೆಗೆ ಅವಳು ಇನ್ನೂ ತೆಲುಗಿನ ಮಾತನ್ನೇ ಆಡಿದಳು, ಗಂಡನ ಮನೆಯ ಮಾತು. "ನೆನಪೈತಾ, ಅಪ್ಪ ಹಿತಕಿದ ಬೇಳೇನ ನಾವು ಕದ್ದು ತಿಂತೀವಿ ಅಂತ ತಟ್ಟೆ ಸಂದೀಲಿ ಬಚ್ಚಿಡ್ತಿದ್ದ?"

"ನೀನು ಹುಡ್ಕಿ ತಿಂತಿದ್ದೆ. ಬೈಗುಳ ನಂಗೆ."

"ನೀನು ದೊಡ್ಡೋಳಲ್ವಾ, ಬೈಸ್ಕೋಬೇಕಪ್ಪ."

ನಕ್ಕರು. ಬೆರಳುಗಳು ಒಂದೇ ತಾಳದಲ್ಲಿ ನಡೆಯುತ್ತಿದ್ದವು, ಹೆಬ್ಬೆರಳು ಒತ್ತಿ, ಸಿಪ್ಪೆ ಸೀಳಿ, ಕಾಳು ಜಾರಿಸಿ. ಎರಡು ಜೊತೆ ಕೈಗಳಲ್ಲಿ ಯಾವುದು ಯಾರದೆಂದು ಹೇಳುವಂತಿರಲಿಲ್ಲ. ತೆಂಗಿನ ಗರಿಯ ನೆರಳು ಅವರ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಹೀಗೇ ಕೂತಿದ್ದು ಹಡಗಿಗೆ ಹೋಗಿಬಿಟ್ಟರೆ ಸಾಕು, ಕೇಳುವುದು ಬೇಡ, ಹೇಳುವುದು ಬೇಡ, ಎನಿಸಿದ ಹೊತ್ತಿಗೆ ಸರಿಯಾಗಿ ಮಂಗಮ್ಮ ಕೇಳಿದಳು:

"ಬಾವಿ ಪಕ್ಕದ ತೋಟ ಈಗ ಹೆಂಗೈತಕ್ಕ?"

"ಐತೆ. ಹೊಸ ತಳಿ ಹಾಕ್ಸಿದೀವಿ. ಎಲೆ ಅಂಗೈ ಅಗಲ ಬರುತ್ತೆ."

"ನಾನು ನೋಡಿದ್ದು ಅವತ್ತೇ ಕೊನೆ. ಬೋಳಾಗಿತ್ತು. ಆಗತಾನೆ ಕೊಯ್ದಿದ್ರಿ, ಮೋಟುಗಳ ಮೇಲೆ ಹಾಲು ಇನ್ನೂ ಆರಿರಲಿಲ್ಲ." ಅವಳ ದನಿಯಲ್ಲಿ ಕಹಿ ಇರಲಿಲ್ಲ. ಮಳೆ ಬಂದಿತ್ತು, ಬಿಸಿಲಿತ್ತು ಎನ್ನುವ ಹಾಗೆ ಹೇಳಿ, ಹುಳುಕು ಕಾಳೊಂದನ್ನು ಅಂಗಳಕ್ಕೆ ಎಸೆದಳು.

ರಾಮಲಕ್ಷ್ಮಮ್ಮನ ಬೆರಳು ನಿಂತವು. ಸಿಪ್ಪೆಯೊಳಗೆ ಕಾಳು ಅರ್ಧ ಹೊರಗೆ ಬಂದು ಕೂತಿತ್ತು. ಅದನ್ನೇ ನೋಡುತ್ತಾ, "ಅವತ್ತೇ ಕೇಳಬೋದಿತ್ತಲ್ಲೇ," ಎಂದಳು.

"ಏನಂತ ಕೇಳಲಿ? ನೀನು ಹುಳ ಐತೆ ಅಂದೆ, ನಾನು ಐತೆ ಅಂದ್ಕೊಂಡೆ. ಅಪ್ಪನ ಮನೆ ಬಾಗಿಲಲ್ಲಿ ನಿಂತು ತಟ್ಟೆ ತೋರ್ಸು ಅನ್ನಕ್ಕಾಗುತ್ತಾ?" ಮಂಗಮ್ಮ ಮತ್ತೊಂದು ಕಾಯಿ ಎತ್ತಿಕೊಂಡಳು. "ನಮ್ಮ ಹುಡುಗಿ ಇವತ್ತಿಗೂ ಹೇಳ್ತಾಳೆ, ತಾತನ ಊರಲ್ಲಿ ಹುಳ ಮಲಗಿದ್ರೆ ಊರಿಗೂರೇ ಪಿಸುಗುಟ್ಟುತ್ತೆ ಅಂತ. ಪೋರ್ಟ್ ಬ್ಲೇರಲ್ಲಿ ಅವಳ ಮಕ್ಕಳಿಗೂ ಹೇಳವ್ಳೆ. ನಾನು ಹಂಗಲ್ಲ ಅನ್ನಲಿಲ್ಲ. ಚೆನ್ನಾಗೈತೆ ಕೇಳಕ್ಕೆ."

ರಾಮಲಕ್ಷ್ಮಮ್ಮ ಏನಾದರೂ ಹೇಳಬೇಕೆಂದು ಹುಡುಕಿದಳು. ತಪ್ಪಾಯಿತು ಎಂಬ ಮಾತು ಬಾಯಿಗೆ ಬಂದು, ತೀರ ಚಿಕ್ಕದಾಗಿ ಕಂಡು, ಹಿಂದಕ್ಕೆ ಹೋಯಿತು. ಮಡಿಲಿನ ಸಿಪ್ಪೆ ಕೊಡವಿ ಎದ್ದಳು.

"ನಾನು ಒಳಗೆ ಹೋಗ್ತೀನಿ ಕಣೇ ಮಂಗಿ."

"ಬೇಡಕ್ಕ, ಅಂದ್ನಲ್ಲ. ಏನಾದ್ರೂ ಮೇಲೆ ಬಿದ್ದೀತು."

"ಹೋಗ್ತೀನಿ."

ಮಂಗಮ್ಮ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು ಬಂದು ಚಿಲಕ ತೆಗೆದು ಪಕ್ಕಕ್ಕೆ ಸರಿದಳು. "ಹೋಗು. ನಿಂದೇ ಮನೆ."

ಅವಳ ಕಾಲು ತಾವಾಗಿಯೇ ಡ್ರಮ್ಮಿನ ಕಡೆ ನಡೆದವು. ಮತ್ತೆ ತೊಳೆದುಕೊಂಡಳು, ಹಿಮ್ಮಡಿ, ಬೆರಳ ಸಂದು. ಹೊಸ್ತಿಲು ದಾಟುವಾಗ, ಗೋಡೆ ನುಣ್ಣಗಿರಲಿ, ಕನ್ನಡಿಯ ಹಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಒಳಗೆ ಮಬ್ಬು. ಮುಚ್ಚಿಟ್ಟ ಮನೆಯ ವಾಸನೆ, ಒಂದು ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ, ಬಟ್ಟೆ ಮುಚ್ಚಿದ ಟೀವಿ. ಕಣ್ಣು ಹೊಂದಿಕೊಂಡ ಮೇಲೆ ಹಿಂದಿನ ಗೋಡೆ ಕಂಡಿತು. ಸೂರಿನಿಂದ ನೆಲದ ತನಕ ಅದು ಎರಡಾಗಿ ಸೀಳಿತ್ತು. ಬಿರುಕು ಮೇಲೆ ಕೈ ಹೋಗುವಷ್ಟು ಅಗಲವಿದ್ದು, ಇಳಿಯುತ್ತಾ ಕೂದಲೆಳೆಯಾಗಿ ನೆಲ ಮುಟ್ಟಿತ್ತು. ಅದರೊಳಗಿನಿಂದ ಹಿತ್ತಲ ಬಿಸಿಲು ಬಂದು ನೆಲದ ಮೇಲೆ ಒಂದು ಬೆಳ್ಳನೆಯ ಗೆರೆ ಎಳೆದಿತ್ತು. ಮಂಗಿ ಹೇಳಿದ್ದು ನಿಜ. ಅವಳು ಹೇಳಿದ್ದೆಲ್ಲ ನಿಜ. ರಾಮಲಕ್ಷ್ಮಮ್ಮ ಹತ್ತಿರ ಹೋಗಿ, ಅಪ್ಪ ಮಾಡುತ್ತಿದ್ದಂತೆ, ಬಿರುಕಿನ ಅಂಚಿಗೆ ಉಗುರಿಟ್ಟು ಮೇಲಿನಿಂದ ಕೆಳಗೆ ಗೀರಿದಳು. ಗಾರೆ ಪುಡಿಪುಡಿಯಾಗಿ ಅವಳ ತೊಳೆದ ಕಾಲಿನ ಮೇಲೆ ಉದುರಿತು. ಸಮವಾಗಲಿಲ್ಲ. ಇನ್ನು ಆಗುವುದೂ ಇಲ್ಲ. ಆ ಗೋಡೆಯ ಬುಡದಲ್ಲೇ ಕೂತುಬಿಟ್ಟಳು. ಬಿಸಿಲ ಗೆರೆ ಮಡಿಲಿನ ಮೇಲೆ ಅಡ್ಡ ಬಿತ್ತು.

"ಏಳಕ್ಕ, ಅದರ ಬುಡದಲ್ಲೇ ಕೂತ್ಯಲ್ಲ!" ಮಂಗಮ್ಮ ಹೊರಗೆ ಹೊಸ್ತಿಲಾಚೆ ನಿಂತಿದ್ದಳು.

"ಒಂದು ಲೋಟ ನೀರು ಕೊಡೇ," ಎಂದಳು ರಾಮಲಕ್ಷ್ಮಮ್ಮ. ತುಟಿಯಷ್ಟೇ ಅಲ್ಲಾಡಿತು.

"ಏನು?"

"ನೀರು."

"ಯಾಕಕ್ಕ ಪಿಸುಗುಟ್ತೀಯ? ಜೋರಾಗೇ ಮಾತಾಡು. ಇಲ್ಲಿ ಹುಳ ಇಲ್ಲ."

ಕಡಲ ಕಡೆಯಿಂದ ಆಶಾ ಯಾರನ್ನೋ ಕರೆಯುವ ದನಿ ಕೇಳಿಸಿತು, ಹಡಗಿನ ಹೊತ್ತಾಯಿತೇನೋ. ರಾಮಲಕ್ಷ್ಮಮ್ಮ ಬಾಗಿಲ ಕಡೆ ನೋಡಿದಳು. ಹೊರಗಿನ ಬೆಳಕಿಗೆ ತಂಗಿಯ ಮುಖ ಕಾಣುತ್ತಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, ಮಗುವನ್ನು ಎತ್ತಿಕೊಂಡಿದ್ದಾಗ ನಿಂತಂತೆ ಒಂದು ಪಕ್ಕಕ್ಕೆ ವಾಲಿ ನಿಂತ ಆಕಾರವಷ್ಟೇ. ಪಡಸಾಲೆಯಲ್ಲಿ ಅಮ್ಮಾಜಮ್ಮ ಯಾರೇ ಬಂದಿದ್ದು ಎಂದು ಇನ್ನೂ ಕೇಳುತ್ತಿದ್ದಂತಿತ್ತು.

"ಬಾರೇ ಮಂಗೀ," ಎಂದು ಅವಳು ಕೂಗಿದಳು. ಗೋಡೆಯಿಂದ ಮತ್ತಷ್ಟು ಪುಡಿ ಉದುರುವಂತೆ, ಬೇಲಿಯಾಚೆ ಯಾರೋ ನಡೆಯುವುದನ್ನು ನಿಲ್ಲಿಸಿ ತಿರುಗಿ ನೋಡುವಂತೆ ಕೂಗಿದಳು. "ಹೊರಗ್ಯಾಕೆ ನಿಂತಿದ್ಯ? ಒಳಗೆ ಬಾ!"

ಮಂಗಮ್ಮ ಅಲ್ಲಾಡದೆ ನಿಂತಿದ್ದಳು. ಆಮೇಲೆ ಡ್ರಮ್ಮಿನಿಂದ ಚೊಂಬು ಎತ್ತಿ, ಒಂದು ಕಾಲಿಗೆ, ಇನ್ನೊಂದು ಕಾಲಿಗೆ ನೀರು ಹೊಯ್ದುಕೊಂಡು, ಹಿಮ್ಮಡಿಗಳನ್ನು ಒಂದಕ್ಕೊಂದು ತಿಕ್ಕಿ ತೊಳೆದು, ತನ್ನ ಮನೆಯ ಹೊಸ್ತಿಲನ್ನು ಬಲಗಾಲಿಟ್ಟು ದಾಟಿದಳು.